ಹಡಿಲು ಬಿದ್ದ ನಗರಭೂಮಿ, ಸೂರಿಲ್ಲದ ದುಡಿಮೆಗಾರ

ಗದ್ದೆಯನ್ನು ಹಡಿಲು ಬಿಟ್ಟವನನ್ನು ನಮ್ಮ ಊರುಗಳಲ್ಲಿ ಯಾರೂ ಮೆಚ್ಚುವುದಿಲ್ಲ. ಮಳೆ ಬಂದು ಮಣ್ಣು ಹದವಾದರೂ ನೇಗಿಲು ಇಳಿಯಲಿಲ್ಲವೆಂದರೆ ನೆರೆಕರೆಯವರು ಕಾರಣವನ್ನು ಕೇಳಿಯೇ ಕೇಳುವರು. ನಗರದಲ್ಲಾದರೋ ಎಕರೆಗಟ್ಟಲೆ ಸಾರ್ವಜನಿಕ ಭೂಮಿ ದಶಕಗಳ ಕಾಲ ಹಡಿಲು ಬಿದ್ದಿದ್ದರೂ ಕೇಳುವವರಿಲ್ಲ. ಅದರ ಆವರಣದ ಗೋಡೆಯ ಈಚೆಗೆ ಮನುಷ್ಯರು ಮಲಗಲು ಆರಡಿ ನೆಲವಿಲ್ಲದೆ ಬಳಲುತ್ತಿದ್ದರೂ, ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡುವವರು ವಿರಳ.

ಕಳಮಶ್ಶೇರಿಯನ್ನೇ ತೆಗೆದುಕೊಳ್ಳೋಣ. 1953ರಲ್ಲಿ ಬೆಂಗಳೂರಿನಲ್ಲಿ ಜನ್ಮವೆತ್ತಿದ ಹಿಂದುಸ್ಥಾನ್ ಮೆಷಿನ್ ಟೂಲ್ಸ್ ಸಂಸ್ಥೆಯು 1964ರಲ್ಲಿ ಇಲ್ಲಿ ತನ್ನ ಕಾರ್ಖಾನೆಯನ್ನು ತೆರೆಯಿತು. ಮುಂದೆ ಬಹಳವಾಗಿ ಬೆಳೆಯುವುದೆಂಬ ನಿರೀಕ್ಷೆಯಿಂದ ಅದಕ್ಕೆ ವಿಶಾಲವಾದ ಭೂಮಿಯನ್ನು ಒದಗಿಸಲಾಯಿತು. ಕಾರ್ಖಾನೆ ಅಷ್ಟು ಬೆಳೆಯಲಿಲ್ಲ. ಭೂಮಿಯ ದೊಡ್ಡ ಭಾಗ ಬರಿದೇ ಉಳಿಯಿತು. 2006ರಲ್ಲಿ ಅದರಲ್ಲಿ 70 ಎಕರೆಯನ್ನು ಒಂದು ಖಾಸಗಿ ಕಂಪನಿಗೆ ಮಾರಲಾಯಿತು. ಅಲ್ಲಿ ‘ಸೈಬರ್ ಸಿಟಿ’ ಕಟ್ಟುವ ಮಾತು ಹೊರಟಾಗ, 2008ರಲ್ಲಿ ಅದು ಕೇರಳದಾದ್ಯಂತ ದೊಡ್ಡ ವಿವಾದವಾಯಿತು. ಉಳಿದ ಭೂಮಿಯ ಬಗೆಗೆ ಸರಕಾರಕ್ಕೂ ಸಂಸ್ಥೆಗೂ ದೀರ್ಘಕಾಲ ವ್ಯಾಜ್ಯ ನಡೆಯಿತು. ಇದೇ ಭೂಮಿಯಲ್ಲಿ ನ್ಯಾಯಾಲಯಗಳ ನಗರವೊಂದನ್ನು ಕಟ್ಟುವ ಯೋಜನೆಯೂ ಹುಟ್ಟಿಕೊಂಡಿತು. ಕಂಪನಿಗಳಿಗೂ ಕಚೇರಿಗಳಿಗೂ ಈ ಭೂಮಿಯ ನೆನಪಾಗುತ್ತದೆ. ದುಡಿಯುವವನ ಮನೆಯ ಪ್ರಸ್ತಾಪ ಬಂದಾಗ ಮಾತ್ರ ಜಾಗವೇ ಇಲ್ಲವೆಂಬ ಉತ್ತರ ದೊರೆಯುತ್ತದೆ.

ಇಡಪ್ಪಳ್ಳಿಯಿಂದ ಆಲುವದವರೆಗಿನ ಹೋಟೆಲುಗಳಲ್ಲಿ ದುಡಿಯುವ ನಮ್ಮವರ ಬಿಡಾರಗಳನ್ನು ಕಂಡವರಿಗೆ ಇದರ ಅರ್ಥ ಬೇಗ ಆಗುವುದು. ಕೆಲಸಗಾರನಿಗೆ ಸಂಬಳ ಕೊಡುವುದಕ್ಕಿಂತ ಮಲಗಲು ಸ್ಥಳ ಒದಗಿಸುವುದು ಕಷ್ಟವೆಂಬುದು ಹೋಟೆಲು ನಡೆಸಿದವರಿಗೆಲ್ಲ ಗೊತ್ತಿದ್ದ ಮಾತು. ಅಡುಗೆಮನೆಯ ಮೇಲಿನ ಅಟ್ಟ, ದಾಸ್ತಾನು ಕೋಣೆಯ ಮೂಲೆ, ರಾತ್ರಿ ಮೇಜುಗಳನ್ನು ಸರಿಸಿದ ಮೇಲೆ ಬಿಡುವಾಗುವ ನೆಲ — ಇವೇ ಅನೇಕರ ವಸತಿ. ಮದುವೆಯಾದವನು ಹೆಂಡತಿ ಮಕ್ಕಳನ್ನು ಕರೆತರಲಾರ. ಕುಂದಾಪುರದಲ್ಲಿಯೋ ಕಾರ್ಕಳದಲ್ಲಿಯೋ ಅವರನ್ನು ಬಿಟ್ಟು, ವರ್ಷಕ್ಕೊಮ್ಮೆ ಹತ್ತು ದಿನ ಹೋಗಿ ಬರುವಷ್ಟರಲ್ಲಿ ಮಕ್ಕಳು ದೊಡ್ಡವರಾಗಿರುತ್ತಾರೆ. ಇಪ್ಪತ್ತು ವರ್ಷ ದುಡಿದ ಪಟ್ಟಣದಲ್ಲಿ ಅವನು ಚಾಲಗೇಣಿಯ ಒಕ್ಕಲಿನಂತೆಯೇ ಉಳಿಯುತ್ತಾನೆ. ಎಬ್ಬಿಸಿದ ದಿನ ಏಳಬೇಕು.

ಸರಕಾರದ ಸಹಾಯಧನವಿಲ್ಲವೇ ಎಂದು ವಾಚಕರು ಕೇಳಬಹುದು. ಇದೆ, ಅದು ಅಲ್ಪವೂ ಅಲ್ಲ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ, ಸ್ವಂತ ನಿವೇಶನದಲ್ಲಿ ಮನೆ ಕಟ್ಟುವ ಬಡ ನಗರವಾಸಿಗೆ ಕೇಂದ್ರವು 1.5 ಲಕ್ಷ ರೂಪಾಯಿ ಕೊಟ್ಟಿತು. ಕೇರಳದಲ್ಲಿ ಇದನ್ನು ‘ಲೈಫ್’ ಯೋಜನೆಯೊಡನೆ ಜೋಡಿಸಿ, ರಾಜ್ಯ ಮತ್ತು ನಗರಸಭೆಗಳ ಪಾಲನ್ನು ಸೇರಿಸಿ, ಮನೆಯೊಂದಕ್ಕೆ 4 ಲಕ್ಷ ರೂಪಾಯಿಯಂತೆ ಕೊಡಲಾಯಿತು. ಇದರಿಂದ ಅಸಂಖ್ಯ ಕುಟುಂಬಗಳಿಗೆ ಸೂರು ದೊರೆತಿರುವುದನ್ನು ಸಂತೋಷದಿಂದ ಒಪ್ಪಿಕೊಳ್ಳಬೇಕು.

ಆದರೆ ಈ ಹಣ ಸುಲಭವಾಗಿ ಮುಟ್ಟುವುದು ನಿವೇಶನವುಳ್ಳವನಿಗೆ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ನಗರದಲ್ಲಿ ಜಾಗ ಕೊಂಡು ನೋಡಿರಲಿಲ್ಲ. ಕೊಚ್ಚಿಯ ಆಸುಪಾಸಿನಲ್ಲಿ ಒಂದೆರಡು ಸೆಂಟು ಜಾಗದ ಬೆಲೆಯೇ ಸಹಾಯಧನವನ್ನೆಲ್ಲ ನುಂಗಿಬಿಡುವುದು. ಈ ತೊಡಕನ್ನು ಅರಿತೇ ಕೇರಳ ಸರಕಾರವು 2021ರಲ್ಲಿ ‘ಮನಸ್ಸೋಡಿತ್ತಿರಿ ಮಣ್ಣ್’ ಎಂಬ ಅಭಿಯಾನವನ್ನು ಆರಂಭಿಸಿ, ಭೂಹೀನರಿಗಾಗಿ ಮನಸಾರೆ ಒಂದಿಷ್ಟು ಮಣ್ಣು ಕೊಡಿರೆಂದು ಉಳ್ಳವರನ್ನು ಬೇಡಿತು. ದಾನಿಗಳ ಔದಾರ್ಯವನ್ನು ಕೊಂಡಾಡೋಣ. ಆದರೆ ಸಾರ್ವಜನಿಕ ಭೂಮಿಯನ್ನು ಹಡಿಲು ಬಿಟ್ಟು ನಾಗರಿಕರ ಮುಂದೆ ಸೆರಗೊಡ್ಡುವುದು ವಿಚಿತ್ರವಲ್ಲವೇ? ನಗರದ ಬಡವನಿಗೆ ಕೊಡಬೇಕಾದ ಮೊದಲನೆಯ ಸಹಾಯಧನ ಭೂಮಿಯೇ. ಸಿಮೆಂಟು, ಕಬ್ಬಿಣ, ಹೆಂಚುಗಳ ಹಣ ಅದರ ತರುವಾಯದ್ದು.

ಹಡಿಲು ಭೂಮಿಯೆಂದರೆ ಪುಕ್ಕಟೆ ಭೂಮಿಯಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಕಳಮಶ್ಶೇರಿಗೆ ತಾಗಿರುವ ಏಲೂರಿನ ಕುಳಿಕಂಡಂ ತೋಡಿನಲ್ಲಿ ಕೀಟನಾಶಕ ವಿಷಗಳ ಅಂಶವಿರುವುದನ್ನು 1999ರಲ್ಲಿ ಗ್ರೀನ್‌ಪೀಸ್ ಸಂಸ್ಥೆಯ ಪರೀಕ್ಷೆ ತೋರಿಸಿತು. ಕಾರ್ಖಾನೆಗಳ ನೆರೆಯ ಮಣ್ಣನ್ನು ಪರೀಕ್ಷಿಸದೆ, ಶುದ್ಧಿಗೊಳಿಸದೆ, ಅದರ ಮೇಲೆ ಮಕ್ಕಳನ್ನು ಆಡಬಿಡುವುದು ಪಾಪವೇ ಸರಿ. ತಗ್ಗು ಜಾಗವನ್ನು ಎತ್ತರಿಸಬೇಕು, ಚರಂಡಿ ತೋಡಬೇಕು, ಕುಡಿಯುವ ನೀರನ್ನು ತರಬೇಕು. ಲೆಕ್ಕವನ್ನೆಲ್ಲ ಮನೆಯ ಗೋಡೆಗಳಿಂದಲೇ ಆರಂಭಿಸುವ ಯೋಜನೆಗಳು ಈ ಖರ್ಚಿನ ಮುಂದೆ ಕುಸಿಯುತ್ತವೆ.

ಹಾಗಾದರೆ ಭೂಮಿಯನ್ನು ಹದಗೊಳಿಸಲು ಬೊಕ್ಕಸದಿಂದ ಹಣ ಸುರಿದರೆ ಸಾಕೇ? ಸಾಲದು. ಅಮೆರಿಕಾದ 1949ರ ವಸತಿ ಶಾಸನವು, ನಗರಗಳ ಶಿಥಿಲ ಪ್ರದೇಶಗಳನ್ನು ಕೊಂಡು, ತೆರವುಗೊಳಿಸಿ, ಅಗ್ಗಕ್ಕೆ ಮಾರುವುದರಿಂದ ಉಂಟಾಗುವ ನಷ್ಟದಲ್ಲಿ ಮೂರರಲ್ಲಿ ಎರಡು ಪಾಲನ್ನು ಕೇಂದ್ರ ಸರಕಾರವೇ ತೆರುವ ವ್ಯವಸ್ಥೆ ಮಾಡಿತು. ಎಷ್ಟೋ ಕಡೆ ಬಡವರ ಮನೆಗಳು ಉರುಳಿದವು. ಆ ಸ್ಥಳದಲ್ಲಿ ಎದ್ದ ಕಟ್ಟಡಗಳು ಅವರ ಕೈಗೆಟುಕಲಿಲ್ಲ. ಹಣ ಭೂಮಿಗೆ ಸಂದಿತು, ಭೂಮಿ ಬಡವನಿಗೆ ಸಲ್ಲಲಿಲ್ಲ.

ಅಷ್ಟು ದೂರವೇಕೆ? ನಮ್ಮ ಕನ್ನಡಿಗರು ತಲೆತಲಾಂತರದಿಂದ ದುಡಿದ ಮುಂಬಯಿಯಲ್ಲಿ ನಡೆದದ್ದು ನಮಗೆಲ್ಲ ಪಾಠವಾಗತಕ್ಕದ್ದು. 1982ರ ಮುಷ್ಕರದ ಅನಂತರ ಬಟ್ಟೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. 1991ರ ನಿಯಮವು ಗಿರಣಿ ಭೂಮಿಯನ್ನು ಸ್ಥೂಲವಾಗಿ ಮೂರು ಪಾಲು ಮಾಡಿ, ಒಂದನ್ನು ನಗರದ ಬಯಲಿಗೂ ಒಂದನ್ನು ಸಾರ್ವಜನಿಕ ವಸತಿಗೂ ಒಂದನ್ನು ಮಾಲಿಕರಿಗೂ ಬಿಟ್ಟಿತು. 2001ರ ತಿದ್ದುಪಡಿಯಿಂದ ಈ ಹಂಚಿಕೆ ಕಟ್ಟಡವಿಲ್ಲದ ಖಾಲಿ ನೆಲಕ್ಕೆ ಮಾತ್ರ ಅನ್ವಯವಾಯಿತು. ಅಲ್ಪ ಶಬ್ದಗಳ ಬದಲಾವಣೆಯಿಂದ ಬಯಲೂ ವಸತಿಯೂ ಕುಗ್ಗಿದವು. 2006ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಗಿರಣಿ ಕಾರ್ಮಿಕರಿಗಾಗಿ 6,925 ಮನೆಗಳ ಚೀಟಿ ಎತ್ತಿದ್ದು 2012ರಲ್ಲಿ, ಅಂದರೆ ಮುಷ್ಕರವಾಗಿ ಮೂವತ್ತು ವರ್ಷಗಳ ಮೇಲೆ. ಬೆಂಗಳೂರಿನ ಈಜಿಪುರದಲ್ಲಿಯೂ, ನಗರಪಾಲಿಕೆಯ ಶಿಥಿಲ ವಸತಿಗೃಹಗಳ ಜಾಗವನ್ನು ಖಾಸಗಿಯವರೊಡನೆ ಹಂಚಿಕೊಂಡು ಹೊಸದಾಗಿ ಕಟ್ಟುವ ಒಪ್ಪಂದದ ಮೇರೆಗೆ, 2013ರ ಜನವರಿಯಲ್ಲಿ ಬಡ ಕುಟುಂಬಗಳನ್ನು ಎಬ್ಬಿಸಲಾಯಿತು. ತೆರವಾದ ಆ ಜಾಗ ಮತ್ತೆ ವರ್ಷಗಟ್ಟಲೆ ಪಾಳುಬಿದ್ದಿತು.

ಇದರಿಂದ ನಿರಾಶರಾಗಬೇಕಾದ್ದಿಲ್ಲ. ಭೂಮಿ ಸಾರ್ವಜನಿಕರ ಕೈಯಲ್ಲೇ ಉಳಿದ ಕಡೆ ಕೆಲಸ ನಿಧಾನವಾಗಿಯಾದರೂ ಕೈಗೂಡಿದೆ. ಕೊಚ್ಚಿಯ ಪೇರಂಡೂರು ಕಾಲುವೆಯ ದಂಡೆಯಲ್ಲಿದ್ದ ಪಿ. ಆಂಡ್ ಟಿ. ಕಾಲೊನಿಯ ಮನೆಗಳಿಗೆ ಪ್ರತಿ ಮಳೆಗಾಲದಲ್ಲಿಯೂ ಕೊಳಚೆ ನೀರು ನುಗ್ಗುತ್ತಿತ್ತು. ಅಲ್ಲಿನ ಕುಟುಂಬಗಳಿಗಾಗಿ ನಗರಾಭಿವೃದ್ಧಿ ಪ್ರಾಧಿಕಾರದ ಮುಂಡಂವೇಲಿಯ ಜಾಗದಲ್ಲಿ ‘ಲೈಫ್’ ಯೋಜನೆಯ ನೆರವಿನಿಂದ ಕಟ್ಟಿದ ಮನೆಗಳು 2023ರಲ್ಲಿ ಉದ್ಘಾಟನೆಗೊಂಡವು. ಫೋರ್ಟ್ ಕೊಚ್ಚಿಯ ತುರುತ್ತಿಯಲ್ಲಿ 394 ಕುಟುಂಬಗಳಿಗಾಗಿ ಕಟ್ಟಿದ ಎರಡು ಬಹುಮಹಡಿ ಕಟ್ಟಡಗಳು 2025ರ ಸೆಪ್ಟೆಂಬರಿನಲ್ಲಿ ಪೂರ್ಣಗೊಂಡು ಜನರ ಕೈಸೇರಿದವು. ಅದಕ್ಕೆ ಮೊದಲು ಹಣವಿತ್ತ ರಾಜೀವ್ ಆವಾಸ್ ಯೋಜನೆ 2015ರಲ್ಲಿಯೇ ನಿಂತುಹೋಗಿತ್ತು. ನಗರಸಭೆಯೂ ಸ್ಮಾರ್ಟ್ ಸಿಟಿ ಸಂಸ್ಥೆಯೂ ಕೈಬಿಡದಿದ್ದುದರಿಂದ ಕೆಲಸ ದಡ ಸೇರಿತು. ತಿರುವನಂತಪುರದ ಕರಿಮಠಂ ಕಾಲೊನಿಯಲ್ಲಿ, ಲಾರಿ ಬೇಕರ್ ಅವರೂ ಸೇರಿ 1985ರಲ್ಲಿ ಸ್ಥಾಪಿಸಿದ ಕಾಸ್ಟ್‌ಫೋರ್ಡ್ ಸಂಸ್ಥೆಯು ನಿವಾಸಿಗಳನ್ನು ದೂರ ಅಟ್ಟದೆ, ಇದ್ದಲ್ಲಿಯೇ ಹೊಸ ಮನೆಗಳನ್ನು ಎಬ್ಬಿಸುವ ದಾರಿಯನ್ನು ತೋರಿಸಿತು. ದುಡಿಯುವವನ ಮನೆ ದುಡಿಮೆಯ ಸ್ಥಳಕ್ಕೆ ಸಮೀಪವಿರಬೇಕೆಂಬ ಸಾಮಾನ್ಯ ವಿವೇಕ ಅದರಲ್ಲಿದೆ.

ಈ ಮನೆಗಳೆಲ್ಲ ಇಲ್ಲಿಯೇ ನೆಲೆಸಿ, ಇಲ್ಲಿನ ಪಟ್ಟಿಯಲ್ಲಿ ಹೆಸರುಳ್ಳವರಿಗೆ ಸಂದವು, ಅದು ನ್ಯಾಯವೇ. ಆದರೆ ಪಡಿತರ ಚೀಟಿ ಊರಿನಲ್ಲಿರುವ ನಮ್ಮ ಕೆಲಸಗಾರನಿಗೆ ‘ಲೈಫ್’ ಪಟ್ಟಿಯಲ್ಲಿ ಎಡೆಯಿಲ್ಲ. ದೇಶದಲ್ಲಿ ಎಲ್ಲಿಯೇ ಆಗಲಿ ಕುಟುಂಬದ ಹೆಸರಿನಲ್ಲಿ ಪಕ್ಕಾ ಮನೆಯಿದ್ದವನಿಗೆ ಕೇಂದ್ರದ ಮನೆಯೂ ದೊರೆಯದು. ಅವನಿಗೆ ಬೇಕಾದದ್ದು ಸ್ವಂತ ಮನೆಯಲ್ಲ. ದುಡಿಯುವಷ್ಟು ಕಾಲ ಸಂಸಾರದೊಡನೆ ಬಾಳಲು ಮಿತವಾದ ಬಾಡಿಗೆಯ ಮನೆ. ಇದಕ್ಕೂ ಮಾರ್ಗವುಂಟು. 2024ರಲ್ಲಿ ಆರಂಭವಾದ ಆವಾಸ್ ಯೋಜನೆಯ ಎರಡನೆಯ ಹಂತದಲ್ಲಿ, ಹೊಸ ತಂತ್ರಗಳಿಂದ ಕಟ್ಟುವ ಬಾಡಿಗೆ ವಸತಿಗೆ ಚದರ ಮೀಟರಿಗೆ ಕೇಂದ್ರವು 3,000 ರೂಪಾಯಿಯನ್ನೂ ರಾಜ್ಯವು 2,000 ರೂಪಾಯಿಯನ್ನೂ ಕೊಡುವ ಏರ್ಪಾಡಿದೆ. ಮೂವತ್ತು ಚದರ ಮೀಟರಿನ ಮನೆಗೆ ಇದು 1.5 ಲಕ್ಷ ರೂಪಾಯಿಯಾಗುತ್ತದೆ. ಪಾಲಕ್ಕಾಡಿನ ಕಂಜಿಕ್ಕೋಡಿನಲ್ಲಿ ಕೇರಳ ಸರಕಾರವು ಸುಮಾರು 620 ಹೊರರಾಜ್ಯದ ಕೆಲಸಗಾರರಿಗಾಗಿ ಕಟ್ಟಿಸಿದ ‘ಅಪ್ನಾ ಘರ್’ ವಸತಿ 2019ರಲ್ಲಿ ತೆರೆಯಿತು. ಒಂಟಿ ಗಂಡಸರಿಗೆ ಮಾಡಿದ್ದನ್ನು ಸಂಸಾರಸ್ಥರಿಗೂ ಏಕೆ ಮಾಡಬಾರದು?

ನಮ್ಮ ಸೂಚನೆಗಳು ಮೂರು. ನಗರದ ಗಡಿಯೊಳಗೆ ಹಡಿಲು ಬಿದ್ದ ಸಾರ್ವಜನಿಕ ಭೂಮಿಯ ಪಟ್ಟಿಯನ್ನು ಪ್ರತಿಯೊಂದು ನಗರಸಭೆಯೂ ಪ್ರಕಟಿಸಬೇಕು. ಮಣ್ಣಿನ ಶುದ್ಧಿ, ನೀರು, ಚರಂಡಿಗಳ ವೆಚ್ಚವನ್ನು ಸಹಾಯಧನದ ಮೊದಲ ಬಾಬಾಗಿ ಎಣಿಸಬೇಕು. ಭೂಮಿಯನ್ನು ಮಾರದೆ, ನಮ್ಮ ಹಿರಿಯರು ಅರಿತಿದ್ದ ಮೂಲಗೇಣಿಯಂತೆ ದೀರ್ಘಾವಧಿಗೆ ವಸತಿ ಸಹಕಾರ ಸಂಘಗಳಿಗೆ ಕೊಟ್ಟು, ಅದರಲ್ಲಿ ಒಂದು ಪಾಲನ್ನು ಬಾಡಿಗೆ ಮನೆಗಳಿಗೆಂದೇ ಕಾದಿರಿಸಬೇಕು.

ಕೊಚ್ಚಿ, ತಿರುವನಂತಪುರಗಳ ಕನ್ನಡ ಸಂಘಗಳಿಗೂ ಇದರಲ್ಲಿ ಕರ್ತವ್ಯವಿದೆ. ರಾಜ್ಯೋತ್ಸವ, ಯಕ್ಷಗಾನಗಳನ್ನು ಏರ್ಪಡಿಸುವಷ್ಟೇ ಶ್ರದ್ಧೆಯಿಂದ, ಯಾವ ಹೋಟೆಲಿನಲ್ಲಿ ಎಷ್ಟು ಜನ ಸಂಸಾರವನ್ನು ಬಿಟ್ಟು ಬಾಳುತ್ತಿದ್ದಾರೆಂಬುದನ್ನು ಅವು ಬರೆದಿಡಲಿ. ಹೋಟೆಲು ಮಾಲಿಕರು ಬಾಡಿಗೆಯಲ್ಲಿ ತಮ್ಮ ಪಾಲನ್ನು ಹೊರಲು ಮುಂದೆ ಬರಲಿ. ಆ ಲೆಕ್ಕವನ್ನು ಹಿಡಿದುಕೊಂಡು ಕಳಮಶ್ಶೇರಿಯ ನಗರಸಭೆಯ ಮೆಟ್ಟಿಲನ್ನೇರಿದರೆ, ಅದನ್ನು ಓದಿ ನೋಡದೆ ವಿಧಿಯಿಲ್ಲ.