ಸಕ್ಕರೆ ಅಚ್ಚಿನ ನುಣುಪು

ಸಂಕ್ರಾಂತಿ ಸಮೀಪಿಸಿದೊಡನೆ ಹಾಲ್ಕುರಿಕೆಯ ಮನೆಗಳಲ್ಲಿ ಕೊಬ್ಬರಿ ಹೆಚ್ಚುವುದರ ಜೊತೆಗೆ ಸಕ್ಕರೆ ಅಚ್ಚಿನ ಕೆಲಸವೂ ಆರಂಭವಾಗುತ್ತದೆ. ಮರದ ಅಚ್ಚುಗಳನ್ನು ಮೊದಲೇ ನೀರಿನಲ್ಲಿ ನೆನೆಸಿಡುತ್ತಾರೆ. ಒಣಮರಕ್ಕೆ ಸಕ್ಕರೆ ಅಂಟಿಕೊಳ್ಳುತ್ತದೆ. ಪಾಕಕ್ಕೆ ತುಸು ಹಾಲು ಬಿಟ್ಟರೆ ಕಲ್ಮಷವು ನೊರೆಯಾಗಿ ಮೇಲೇಳುತ್ತದೆ. ಅದನ್ನು ತೆಗೆದು, ಬಟ್ಟೆಯಲ್ಲಿ ಶೋಧಿಸಿ, ಸ್ವಲ್ಪಸ್ವಲ್ಪವೇ ಕಾಯಿಸಿ, ಬೆಳ್ಳಗೆ ಮಂದವಾಗುವವರೆಗೆ ತಿರುವಿ ಅಚ್ಚಿಗೆ ಹೊಯ್ಯುತ್ತಾರೆ.

ನುಣುಪಿನ ಗುಟ್ಟು ಈ ತಿರುವುವಿಕೆಯಲ್ಲಿದೆ. ಸಕ್ಕರೆಯ ಹರಳು ಸಣ್ಣದಾದಷ್ಟೂ ಬೊಂಬೆ ನಯವಾಗುತ್ತದೆ. ಕೇಕಿನ ಮೇಲಿಡುವ ಫಾಂಡೆಂಟ್ ಬೊಂಬೆಯ ನಯಕ್ಕೂ ಹರಳಿನ ಸಣ್ಣತನವೇ ಕಾರಣ. ಅದು ಹೊರಗಿನಿಂದ ಉಜ್ಜಿ ಬರಿಸುವ ನಯವಲ್ಲ.

ದ್ರವ್ಯವು ರೂಪವನ್ನು ತಳೆದಾಗಲೇ ವಸ್ತುವಾಗುತ್ತದೆಂದು ನಾವು ಅರಿಸ್ಟಾಟಲನಿಂದ ಕಲಿತಿದ್ದೆವು. ಕಾಯುವುದನ್ನು ಮಾತ್ರ ಕಲಿತಿರಲಿಲ್ಲ. ಒಮ್ಮೆ ಇಲ್ಲಿಯ ಮನೆಯೊಂದರಲ್ಲಿ, ಆರುವ ಮುನ್ನವೇ ಅಚ್ಚನ್ನು ಬಿಚ್ಚಿದೆವು. ಗಿಳಿಯ ಕೊಕ್ಕು ಮುರಿಯಿತು. ಮನೆಯಾಕೆ ನಕ್ಕು, "ಇರಲಿ ಬಿಡಿ ಸ್ವಾಮಿ, ಮತ್ತೆ ಕರಗಿಸಿದರಾಯ್ತು" ಎಂದು ಚೂರುಗಳನ್ನು ಪಾತ್ರೆಗೆ ಹಾಕಿದರು.

ಆ ಸಂಜೆ ಆಕೆ ಎಳ್ಳು ಬೀರಲು ಮೊದಲು ಹೋದದ್ದು, ಎರಡು ವರ್ಷಗಳಿಂದ ಮಾತು ಬಿಟ್ಟಿದ್ದ ಓರಗಿತ್ತಿಯ ಮನೆಗೆ. ತಟ್ಟೆಯಲ್ಲಿ ಎಳ್ಳುಬೆಲ್ಲದ ಮೇಲೆ ಅದೇ ಗಿಳಿ ಕುಳಿತಿತ್ತು.

ಪ್ರಿಯ ವಾಚಕರೇ, ಮುರಿದ ಮಾತನ್ನೂ ಕರಗಿಸಿ ಮತ್ತೆ ಎರೆಯಬಹುದಲ್ಲವೇ?