ಒಂದೇ ಕ್ಯಾಂಪಸ್, ಸಂಘದ ಒಳಗೂ ಹೊರಗೂ

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಲು ಹೋದ ನಮ್ಮ ಮಕ್ಕಳಲ್ಲಿ ಅನೇಕರು ಅಲ್ಲಿ ಟಿಎ, ಅಂದರೆ ಟೀಚಿಂಗ್ ಅಸಿಸ್ಟೆಂಟ್ ಆಗಿ ದುಡಿಯುತ್ತಾರೆ. ತರಗತಿ ನಡೆಸುವುದು, ಉತ್ತರಪತ್ರಿಕೆ ತಿದ್ದುವುದು ಅವರ ಕೆಲಸ. ಸೇರಿದ ಹೊಸತರಲ್ಲೇ ಯೂನಿಯನ್ನಿನವರು, ಎಂದರೆ ನೌಕರರ ಸಂಘದವರು, ಸದಸ್ಯರಾಗಿ ಎಂದು ಕೇಳುತ್ತಾರೆ.

ಸಂಘ ಮಾಡುವುದೇನು? ಸಂಬಳ, ಕೆಲಸದ ಗಂಟೆ, ರಜೆಗಳ ಬಗ್ಗೆ ಆಡಳಿತದೊಂದಿಗೆ ಮಾತಾಡಿ ಕಾಂಟ್ರ್ಯಾಕ್ಟ್, ಅಂದರೆ ಲಿಖಿತ ಒಪ್ಪಂದ ಮಾಡಿಸುತ್ತದೆ. ಮಾತುಕತೆ ಮುರಿದರೆ ಮುಷ್ಕರ. 2022ರ ನವೆಂಬರ್‌ನಲ್ಲಿ ಅಲ್ಲಿನ ಸುಮಾರು 48,000 ಬೋಧನಾ, ಸಂಶೋಧನಾ ನೌಕರರು ಮುಷ್ಕರ ಹೂಡಿದರು. ಡಿಸೆಂಬರ್ ಮುಗಿಯುವುದರೊಳಗೆ ಸಂಬಳ ಏರಿಸುವ ಒಪ್ಪಂದವಾಯಿತು.

ಸದಸ್ಯರಾಗದಿದ್ದರೆ ಆ ಸಂಬಳ ಸಿಗುವುದಿಲ್ಲವೇ? ಸಿಗುತ್ತದೆ. ಒಪ್ಪಂದ ಆ ಹುದ್ದೆಯ ಎಲ್ಲರಿಗೂ ಅನ್ವಯ. ಸರ್ಕಾರಿ ಸಂಸ್ಥೆಗಳಲ್ಲಿ ಸದಸ್ಯರಲ್ಲದವರಿಂದ ಬಲವಂತವಾಗಿ ಶುಲ್ಕ ಪಡೆಯುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ. ಹಾಗಿದ್ದರೆ ದುಡ್ಡು ಏಕೆ ಕೊಡಬೇಕು ಎಂಬುದು ಹೊರಗುಳಿದವರ ವಾದ. ಪ್ರೊಫೆಸರರ ಜೊತೆಗಿನ ಸಂಬಂಧ ಎಲ್ಲಿ ಕೆಡುತ್ತದೋ ಎಂಬ ಅಳುಕೂ ಕೆಲವರಿಗೆ ಇರುತ್ತದೆ. ಅದು ಸುಳ್ಳು ಭಯವಲ್ಲ. ಮುಂದೆ ಶಿಫಾರಸು ಪತ್ರ ಬರೆಯುವವರು ಅವರೇ.

ಕೆಲಸ ಮಿತಿಮೀರಿದಾಗ ನೋಟದ ಅಂತರ ಎದ್ದು ಕಾಣುತ್ತದೆ. ಸೆಮಿಸ್ಟರ್ ಪದ್ಧತಿಯ ಕ್ಯಾಂಪಸ್‌ನಲ್ಲಿ ಅರ್ಧಕಾಲದ ಟಿಎಗೆ ಒಂದು ಸೆಮಿಸ್ಟರ್‌ಗೆ 340 ಗಂಟೆಗಿಂತ ಹೆಚ್ಚು ಕೆಲಸ ಕೊಡುವಂತಿಲ್ಲ ಎಂದು ಒಪ್ಪಂದ ಹೇಳುತ್ತದೆ. ರಾಶಿ ಉತ್ತರಪತ್ರಿಕೆ ಬಂದು ಬಿದ್ದಾಗ ಸಂಘದಲ್ಲಿರುವಾಕೆ ಗಂಟೆ ಲೆಕ್ಕ ಹಾಕುತ್ತಾಳೆ: ಇದು ಹಕ್ಕಿನ ಮಾತು. ಹೊರಗಿರುವಾತ ಪ್ರೊಫೆಸರರ ಮುಖ ನೋಡುತ್ತಾನೆ: ಇದು ಸಂಬಂಧದ ಮಾತು. ವಿಚಿತ್ರವೆಂದರೆ ಆ 340 ಗಂಟೆಯ ಮಿತಿ ಅವನಿಗೂ ಇದೆ; ಅವನು ಅದನ್ನು ಓದಿರುವುದಿಲ್ಲ, ಅಷ್ಟೆ.

ವಂತಿಗೆ ಎಷ್ಟು? ಸಂಬಳದ ಶೇ. 1.44, ಅಂದರೆ 100 ಡಾಲರ್‌ಗೆ ಒಂದೂವರೆ ಡಾಲರ್‌ಗೂ ಕಡಿಮೆ. ನನ್ನ ಮಟ್ಟಿಗೆ ಅದು ದುಬಾರಿಯಲ್ಲ; ಒಪ್ಪಂದಕ್ಕೆ ಮತ ಹಾಕುವ ಅವಕಾಶ ಸದಸ್ಯರಿಗೆ ಮಾತ್ರ. ವಿದ್ಯಾರ್ಥಿ ವೀಸಾದವರೂ ಕಾನೂನುಬದ್ಧವಾಗಿ ಸೇರಬಹುದು. ಖಾಸಗಿ ವಿಶ್ವವಿದ್ಯಾಲಯವಾದರೆ ಶುಲ್ಕದ ನಿಯಮ ಬೇರೆ ಇರಬಹುದು, ಕೇಳಿಕೊಳ್ಳಿ.

ಒಪ್ಪಂದದ ಪೂರ್ಣ ಪಾಠ ವಿಶ್ವವಿದ್ಯಾಲಯದ ಜಾಲತಾಣದಲ್ಲೂ ಸಂಘದ ಜಾಲತಾಣದಲ್ಲೂ ಸಿಗುತ್ತದೆ. ಕೆಲಸದ ಹೊರೆ ಮತ್ತು ಗ್ರೀವೆನ್ಸ್, ಅಂದರೆ ದೂರು ಸಲ್ಲಿಕೆ, ಈ ಎರಡು ಅಧ್ಯಾಯಗಳನ್ನು ಮೊದಲು ಓದಿ. ದೂರಿಗೆ ಗಡುವು ಇರುತ್ತದೆ. ಆದ್ದರಿಂದ ದಿನದ ಗಂಟೆಗಳನ್ನು ಮೊದಲ ವಾರದಿಂದಲೇ ಬರೆದಿಡಿ.