ಸೋಲಿನ ಮುಂದಿನ ದಾರಿ

ಟೆಲಿವಿಷನ್ನಿನ ಗಾಯನ ಸ್ಪರ್ಧೆಯಲ್ಲಿ ಮಕ್ಕಳು ಸೋತೊಡನೆ ಅವರ ಭವಿಷ್ಯವೇ ಮುಗಿಯಿತೆಂದು ಕೊರಗುವ ತಂದೆತಾಯಿಗಳ ಗಮನಕ್ಕೆ ನಾವು ಒಂದು ನಿದರ್ಶನವನ್ನು ತರಬಯಸುತ್ತೇವೆ. ಬಂಗಾಲದ ಮುರ್ಶಿದಾಬಾದ ಜಿಲ್ಲೆಯ ತರುಣ ಅರಿಜಿತ್ ಸಿಂಗ್ ಇವರು 2005ರ ‘ಫೇಮ್ ಗುರುಕುಲ’ ಸ್ಪರ್ಧೆಯಲ್ಲಿ ಪ್ರೇಕ್ಷಕರ ಮತಗಳು ಸಾಲದೆ ಅಂತಿಮ ಸುತ್ತಿಗೆ ಮುನ್ನವೇ ಹೊರಬಿದ್ದರು. ಬಳಿಕ ಅವರು ಮುಂಬಯಿಯಲ್ಲಿ ಪ್ರೀತಮ್ ಮೊದಲಾದ ಸಂಗೀತ ನಿರ್ದೇಶಕರ ಕೈಕೆಳಗೆ ಸಹಾಯಕರಾಗಿ ದುಡಿದು, ಚಿತ್ರಗೀತೆಯು ಸಿದ್ಧವಾಗುವ ಬಗೆಯನ್ನು ಬುಡದಿಂದ ಕಲಿತರು. 2013ರಲ್ಲಿ ‘ಆಶಿಕಿ 2’ ಚಿತ್ರದ ‘ತುಮ್ ಹೀ ಹೋ’ ಗೀತೆಯಿಂದ ಅವರ ಹೆಸರು ದೇಶದಲ್ಲೆಲ್ಲ ಮನೆಮಾತಾಯಿತು. 2025ರಲ್ಲಿ ಪದ್ಮಶ್ರೀ ಪ್ರಶಸ್ತಿಯು ದೊರೆಯಿತು. ಮತಗಳು ಕೊಡದುದನ್ನು ನಡುವಿನ ವರ್ಷಗಳ ಸಾಧನೆಯು ಕೊಟ್ಟಿತೆಂದೇ ನಮ್ಮ ಅಭಿಪ್ರಾಯವು. ಆದುದರಿಂದ ಸ್ಪರ್ಧೆಗಳನ್ನು ನಡೆಯಿಸುವವರು ಸೋತ ಮಕ್ಕಳಿಗೂ ಮುಂದಿನ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡುವದು ಅವರ ಕರ್ತವ್ಯವಾಗಿದೆ.